ಕಡಲ ಗವಿಯ ಬಾಗಿಲಲ್ಲಿ

ಕುಲಗೋಡದ ಬಯಲಲ್ಲಿ ರಾತ್ರಿಯೆಲ್ಲ ಶ್ರೀಕೃಷ್ಣ ಪಾರಿಜಾತವನ್ನು ನೋಡಿದ ಜನರಿಗೆ ದ್ವಾರಕೆಯು ಹೊಸ ಊರಲ್ಲ. ಈ ಆಟಕ್ಕೆ ಇಂದಿನ ರೂಪವನ್ನು ಕೊಟ್ಟವನು ಇದೇ ಊರಿನ ತಮ್ಮಣ್ಣನೆಂಬುದು ಎಲ್ಲರೂ ಬಲ್ಲ ಮಾತು. ನಾರದನು ತಂದ ಒಂದು ಹೂವಿನ ಸಲುವಾಗಿ ರುಕ್ಮಿಣಿ ಸತ್ಯಭಾಮೆಯರ ಮನೆಗಳಲ್ಲಿ ಎದ್ದ ಕೋಲಾಹಲವು ಈ ಸೀಮೆಯ ಹೆಣ್ಣುಮಕ್ಕಳಿಗೆ ನೆರೆಮನೆಯ ಸುದ್ದಿಯಷ್ಟೇ ಪರಿಚಿತವಾದುದು. ಆದರೆ ಒಂದು ಸಂಗತಿಯನ್ನು ಯಾರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಂಡಂತೆ ಕಾಣುವದಿಲ್ಲ. ದ್ವಾರಕೆಯು ಸಮುದ್ರದ ನಡುವಿನ ಪಟ್ಟಣ. ಪಾರಿಜಾತವು ಕಡಲನ್ನು ಕಡೆದಾಗ ಹುಟ್ಟಿದ ಮರ. ಹೀಗೆ ಆದಿಯಿಂದ ಅಂತ್ಯದವರೆಗೆ ಕಡಲಿಗೆ ಸಂಬಂಧಪಟ್ಟ ಕಥೆಯೊಂದನ್ನು, ಕಡಲನ್ನು ಕಾಣದ ಜನರು, ಜೋಳದ ಹೊಲಗಳ ನಡುವೆ, ಇಷ್ಟು ಕಾಲ ಆಡುತ್ತ ಹಾಡುತ್ತ ಬಂದದ್ದು ಸೋಜಿಗವಲ್ಲವೇ?

ಹಾಗೆ ನೋಡಿದರೆ ಕಡಲು ಅಷ್ಟೇನೂ ದೂರದಲ್ಲಿಲ್ಲ. ಹಕ್ಕಿಯ ಹಾದಿಯಲ್ಲಿ ಅಳೆದರೆ ಕುಲಗೋಡದಿಂದ ಪಡುವಣ ಕಡಲಿಗೆ ನೂರು ಮೈಲಿಗಿಂತ ಬಹಳ ಹೆಚ್ಚಾಗದು. ಘಟಪ್ರಭೆಯು ಹುಟ್ಟುವದೇ ಸಹ್ಯಾದ್ರಿಯ ನೆತ್ತಿಯಲ್ಲಿ. ಅಲ್ಲಿಂದ ಕೊಂಕಣದ ದಂಡೆಗೆ ಒಂದು ಘಟ್ಟವನ್ನಿಳಿದರೆ ಸಾಕು. ಆದರೆ ಆ ನದಿಯು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಗೋಕಾಕದಲ್ಲಿ 170 ಅಡಿಗಳಷ್ಟು ಕೆಳಗೆ ಧುಮುಕಿ, ಕೃಷ್ಣೆಯನ್ನು ಕೂಡಿ, ಮೂಡಣ ಕಡಲಿನವರೆಗೆ ನೂರಾರು ಮೈಲಿ ನಡೆಯುತ್ತದೆ. ಈ ಸೀಮೆಯ ಜನರ ಮುಖವೂ ನದಿಯ ಮುಖದಂತೆಯೇ ಮೂಡಣಕ್ಕೆ ತಿರುಗಿದೆಯೆಂದು ತೋರುತ್ತದೆ.

ಒಂದು ಕಾಲಕ್ಕೆ ಹೀಗಿರಲಿಲ್ಲ. ರೇಲ್ವೆಯು 1880ರ ದಶಕದಲ್ಲಿ ಬರುವದಕ್ಕಿಂತ ಮುಂಚೆ ಬೆಳಗಾವಿ ಧಾರವಾಡ ಸೀಮೆಗಳ ಅರಳೆಯು ಎತ್ತಿನ ಗಾಡಿಗಳಲ್ಲಿಯೂ ಹೇರಿನ ಎತ್ತುಗಳ ಮೇಲೆಯೂ ಘಟ್ಟವನ್ನಿಳಿದು ವೆಂಗುರ್ಲೆಗೂ ಕುಮಟೆಗೂ ಹೋಗುತ್ತಿತ್ತು. ಅಲ್ಲಿ ಪತ್ತೇಮಾರಿಗಳೆಂಬ ಹಾಯಿಹಡಗಗಳು ಆ ಅಂಡಿಗೆಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಮುಂಬಯಿಗೆ ಸಾಗುತ್ತಿದ್ದವು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ವಿಲಾಯತಿಗೆ ಬಾರದಾದಾಗ ಈ ವ್ಯಾಪಾರವು ಹುಚ್ಚುಹೊಳೆಯಂತೆ ಏರಿತು. ಧಾರವಾಡದ ಕಡೆಯ ಅರಳೆಗೆ ಪರದೇಶದ ಪೇಟೆಯಲ್ಲಿ ಕುಮಟೆಯ ಹೆಸರೇ ಬಿದ್ದಿತು. ಬೆಳೆದ ಹೊಲದ ಹೆಸರು ಹೋಗಿ, ಹಡಗಿಗೇರಿಸಿದ ಬಂದರದ ಹೆಸರು ನಿಂತಿತು! ಗಾಡಿ ಹೊಡೆದುಕೊಂಡು ಹೋದ ಒಕ್ಕಲಿಗನು ಮರಳಿ ಬರುವಾಗ ಉಪ್ಪು, ತೆಂಗಿನಕಾಯಿಗಳೊಡನೆ ಕಡಲಿನ ಸುದ್ದಿಯನ್ನೂ ತರುತ್ತಿದ್ದಿರಬೇಕು. ಉಗಿಬಂಡಿ ಬಂದಿತು, ಗಾಡಿಯ ಹಾದಿಯೂ ಹಾಯಿಯ ಹಾದಿಯೂ ಕೂಡಿಯೇ ಬರಿದಾದವು.

ಕನ್ನಡದ ಕಡಲ ದಂಡೆಯ ಎದುರಿಗೆ, ಕಾರವಾರದಿಂದ ಮಲ್ಪೆಯ ವರೆಗೆ, ಅನೇಕ ಸಣ್ಣ ನಡುಗಡ್ಡೆಗಳಿವೆ. ಇವುಗಳಲ್ಲಿ ಜನವಸತಿಯು ಇಲ್ಲವೆಂದೇ ಹೇಳಬಹುದು. ಬಂಡೆ, ಪೊದೆ, ಹಕ್ಕಿ, ಒಂದೊಂದು ಕಡೆಗೆ ಹಳೆಯ ಕೋಟೆಯ ಗೋಡೆ, ಒಂದೊಂದು ಕಡೆಗೆ ದೇವರು. ಹೊನ್ನಾವರದ ಎದುರಿನ ಬಸವರಾಜದುರ್ಗಕ್ಕೆ ಕೆಳದಿಯ ಅರಸರು ಕೆಂಪುಕಲ್ಲಿನ ಕೋಟೆ ಕಟ್ಟಿಸಿದ್ದರು. ಕಾರವಾರದಲ್ಲಿ ಕಾಳೀನದಿಯ ಅಳಿವೆಯ ಹೊರಗೆ ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡದ ಮೇಲೆ ನರಸಿಂಹನ ಗುಡಿಯಿದೆ. ಈ ಅಳಿವೆಯ ನೀರು ಒಬ್ಬ ದೊಡ್ಡ ಕವಿಯನ್ನೂ ತೇಲಿಸಿದೆ. ರವೀಂದ್ರನಾಥ ಠಾಕೂರರು 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದವರು, ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳೀನದಿಯೊಳಗೆ ಹೋಗಿ ಬಂದುದನ್ನು ತಮ್ಮ ನೆನಪುಗಳಲ್ಲಿ ಬರೆದಿರುವರು. ಅವರಿಗೆ ಆಗ ಇಪ್ಪತ್ತೆರಡರ ಪ್ರಾಯ.

ಇವೆಲ್ಲವುಗಳಲ್ಲಿ ಹೆಚ್ಚು ಕಥೆಯುಳ್ಳದ್ದು ಅಂಜದೀವ. ಕಾರವಾರದ ದಂಡೆಗೆ ಅಂಟಿಕೊಂಡಂತಿದ್ದರೂ ಇದು ರಾಜ್ಯಾಡಳಿತದಲ್ಲಿ ಗೋವೆಗೆ ಸೇರಿದುದು. ವಾಸ್ಕೋ ಡ ಗಾಮನು 1498ರಲ್ಲಿ ಹಿಂದಿರುಗುವಾಗ ತನ್ನ ಹಡಗಗಳನ್ನು ಇಲ್ಲಿಯೇ ದುರಸ್ತಿ ಮಾಡಿಕೊಂಡನು. ಅವನ ಕಥೆಯಲ್ಲಿ ಹಾಯಿಯ ಮರ್ಮವೆಲ್ಲ ಅಡಗಿದೆ. ಆಫ್ರಿಕೆಯ ಮಾಲಿಂದಿಯಿಂದ ಏಪ್ರಿಲ್ ಕೊನೆಗೆ ಹೊರಟು, ನೈಋತ್ಯದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಒಂದು ತಿಂಗಳೊಳಗಾಗಿ ಅವನು ಕಲ್ಲಿಕೋಟೆಯ ಹತ್ತಿರಕ್ಕೆ ಬಂದುಬಿಟ್ಟಿದ್ದನು. ಮರಳುವಾಗ ಅಂಜದೀವದಿಂದ ಅಕ್ಟೋಬರ್ ಮೊದಲಿಗೇ, ಈಶಾನ್ಯದ ಗಾಳಿಯು ನೆಲೆಗೊಳ್ಳುವ ಮುಂಚೆಯೇ, ಅವಸರದಿಂದ ಹಾಯಿಯೆತ್ತಿದನು. ಅದೇ ಕಡಲನ್ನು ದಾಟಲು ಈ ಸಲ ಸುಮಾರು ಮೂರು ತಿಂಗಳು ಹಿಡಿಯಿತು. ವಸಡುಗಳು ಬಾತು ರಕ್ತಕಾರುವ ರೋಗದಿಂದ ಅವನ ಜನರು ಹಡಗಿನಲ್ಲಿಯೇ ಸಾಯತೊಡಗಿದರು. ಕೆಲವು ವಾರ ಕಾಯ್ದಿದ್ದರೆ ಗಾಳಿಯೇ ಅವನನ್ನು ಒಯ್ದುಬಿಡುತ್ತಿತ್ತು. ಅರಬಸ್ಥಾನಕ್ಕೂ ಆಫ್ರಿಕೆಗೂ ಹೋಗಿಬರುತ್ತಿದ್ದ ಈ ದಂಡೆಯ ನಾವಿಕರಿಗೆ ತಲೆಮಾರುಗಳಿಂದ ತಿಳಿದಿದ್ದ ಮಾತು ಅದು.

ಅಂಜದೀವವು ಬೇರೆಯವರಿಗೂ ಒಳ್ಳೆಯದನ್ನು ಮಾಡಲಿಲ್ಲ. ಪೋರ್ತುಗಾಲದ ರಾಜಕುಮಾರಿಯ ಮದುವೆಯ ಕರಾರಿನಂತೆ ಮುಂಬಯಿಯನ್ನು ವಶಮಾಡಿಕೊಳ್ಳಲು ಇಂಗ್ಲೆಂಡದ ಅರಸನು ಕಳಿಸಿದ ದಂಡು 1662ರಲ್ಲಿ ಬಂದಿತು. ಪೋರ್ತುಗೀಜರು ಊರನ್ನು ಬಿಟ್ಟುಕೊಡಲೊಲ್ಲದ ಕಾರಣ, ಸರ್ ಅಬ್ರಹಾಂ ಶಿಪ್‌ಮನ್ ಎಂಬ ದಳಪತಿಯು ತನ್ನ ಜನರೊಡನೆ ಈ ನಡುಗಡ್ಡೆಯ ಮೇಲೆ ಕಾಯುತ್ತ ಕುಳಿತನು. ಮಳೆ, ಜ್ವರ, ಹಸಿವೆಗಳಿಂದ ದಂಡು ಕರಗಿತು. 1664ರಲ್ಲಿ ಶಿಪ್‌ಮನ್ನನೇ ಸತ್ತನು. 1665ರಲ್ಲಿ ಮುಂಬಯಿಯು ಕೈಸೇರುವ ಹೊತ್ತಿಗೆ ನೂರಾರು ಸಿಪಾಯಿಗಳಲ್ಲಿ ಸುಮಾರು ನೂರು ಜನ ಮಾತ್ರ ಉಳಿದಿದ್ದರು. ಆ ಬಳಿಕ ಸುಮಾರು ಮುನ್ನೂರು ವರ್ಷ ಕಳೆಯುವವರೆಗೂ ಪೋರ್ತುಗೀಜರ ಧ್ವಜವು ಅಲ್ಲಿಂದ ಇಳಿಯಲಿಲ್ಲ. 1961ನೇ ಡಿಸೆಂಬರ್ 18ಕ್ಕೆ ಭಾರತದ ನೌಕಾಪಡೆಯವರು ದಂಡೆಗಿಳಿದು ಕಾದಿದಾಗ ಏಳು ಜನ ನಾವಿಕರು ಪ್ರಾಣಕೊಟ್ಟರು. ಕಾರವಾರದಲ್ಲಿ ಕದಂಬ ನೌಕಾನೆಲೆಯು 2005ರಲ್ಲಿ ಸ್ಥಾಪಿತವಾಗಿ, ತೆರೆ ತಡೆಯುವ ಕಲ್ಲಿನ ಒಡ್ಡು ನಡುಗಡ್ಡೆಯನ್ನು ನೆಲಕ್ಕೆ ಕೂಡಿಸಿಬಿಟ್ಟಿತು. ಅದು ಈಗ ಹೆಸರಿಗಷ್ಟೇ ನಡುಗಡ್ಡೆ. ಹವ್ಯಾಸದ ಹಾಯಿಗೆ ಅದರ ಬಾಗಿಲು ಮುಚ್ಚಿದೆ.

ಮಲ್ಪೆಯ ಎದುರಿನ ಸೇಂಟ್ ಮೇರಿ ನಡುಗಡ್ಡೆಗಳ ಮಾತೇ ಬೇರೆ. ಅಲ್ಲಿಯ ಕಲ್ಲುಗಳನ್ನು ನೋಡಿದ ಬಯಲುಸೀಮೆಯವನು ಮೊದಲು ಇದು ಯಾವನೋ ಶಿಲ್ಪಿಯ ಕೆಲಸವೆಂದೇ ತಿಳಿಯುವನು. ಐದು, ಆರು ಮೂಲೆಗಳ ಕಂಬಗಳು, ಒಂದಕ್ಕೊಂದು ಒತ್ತಿ, ಕಟ್ಟಿಗೆಯ ಅಂಗಡಿಯಲ್ಲಿ ತೊಲೆಗಳನ್ನು ನಿಲ್ಲಿಸಿದಂತೆ ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಹಿಂದುಸ್ಥಾನದಿಂದ ಹರಿದುಹೋಗುತ್ತಿದ್ದ ಕಾಲಕ್ಕೆ, ಉಕ್ಕಿದ ಬೆಂಕಿಯ ರಸವು ತಣ್ಣಗಾಗುತ್ತ ಕುಗ್ಗಿ, ಬಿರಿದು, ಈ ಆಕಾರವನ್ನು ಪಡೆಯಿತೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಇದನ್ನು ತಿಳಿಯಲು ಕುಲಗೋಡದವನಿಗೆ ದೊಡ್ಡ ಗ್ರಂಥಗಳ ಅವಶ್ಯಕತೆಯಿಲ್ಲ. ಚೈತ್ರದ ಬಿಸಿಲಿಗೆ ತನ್ನ ಎರೆಹೊಲವು ಬಿರಿಯುವ ರೀತಿಯನ್ನು ಅವನು ನೆನೆದರೆ ಸಾಕು; ನೀರಾರಿದ ಎರೆಯು ಕುಗ್ಗಿ ಐದಾರು ಮೂಲೆಗಳ ಹೆಂಟೆಗಳಾಗುವದೂ, ಕಾವಾರಿದ ಕಲ್ಲು ಕುಗ್ಗಿ ಕಂಬಗಳಾಗುವದೂ ಒಂದೇ ನಿಯಮದಿಂದ.

ಕುಲಗೋಡದ ಒಬ್ಬ ವೃದ್ಧ ಶಾಲಾಮಾಸ್ತರರು ಸೇವೆಯಿಂದ ನಿವೃತ್ತರಾದ ಮೇಲೆ ಈ ನಡುಗಡ್ಡೆಗಳನ್ನು ನೋಡುವ ಹಂಬಲ ಹಿಡಿದರು. ಮಕ್ಕಳಿಗೆ ನಾಲ್ವತ್ತು ವರ್ಷ ಭೂಗೋಲವನ್ನು ಕಲಿಸಿದವರು. ನಕಾಶೆಯ ಮೇಲೆ ಕೋಲಿಟ್ಟು ‘ಇದು ಅರಬ್ಬೀ ಸಮುದ್ರ’ ಎಂದು ತೋರಿಸಿದವರು. ಅವರನ್ನು ಎಳೆದದ್ದು ಕೋಟೆಯಲ್ಲ, ದೇವರಲ್ಲ, ಒಂದು ಹಕ್ಕಿ. ಮುರ್ಡೇಶ್ವರದ ಎದುರಿಗೆ ಸುಮಾರು ಹತ್ತು ನಾವಿಕ ಮೈಲಿ ದೂರದಲ್ಲಿ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಇಂಗ್ಲಿಷರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಜೆರ್ಡನ್ ಎಂಬ ವೈದ್ಯನು 1862ರಿಂದ 1864ರ ವರೆಗೆ ಪ್ರಕಟಿಸಿದ ಹಿಂದುಸ್ಥಾನದ ಪಕ್ಷಿಗಳ ಗ್ರಂಥದಲ್ಲಿ ಈ ದ್ವೀಪದ ಗವಿಯ ಹಕ್ಕಿಗಳ ಪ್ರಸ್ತಾಪವಿದೆ. ಅಂಬರಗುಬ್ಬಿಯನ್ನು ಹೋಲುವ ಕಂದುಬಣ್ಣದ ಈ ಸಣ್ಣ ಪಕ್ಷಿಯು ತನ್ನ ಜೊಲ್ಲಿನಿಂದಲೇ ಗವಿಯ ಗೋಡೆಗೆ ಗೂಡನ್ನು ಅಂಟಿಸುತ್ತದೆ. ಹಾವಸೆ, ಗರಿಗಳೂ ಅದರಲ್ಲಿ ಬೆರೆತಿರುತ್ತವೆ. ಕಗ್ಗತ್ತಲೆಯಲ್ಲಿ ಅದು ‘ಟಿಕ್ ಟಿಕ್’ ಎಂದು ಸದ್ದು ಮಾಡುತ್ತ, ಗೋಡೆಯಿಂದ ಮರಳಿ ಬರುವ ಪ್ರತಿಧ್ವನಿಯನ್ನು ಕೇಳಿಯೇ ಹಾದಿಯನ್ನು ತಿಳಿಯುವದು. ಬಾವಲಿಯೂ ಹೀಗೆಯೇ ಮಾಡುವದುಂಟು; ಆದರೆ ಅದರ ಧ್ವನಿಯು ಮನುಷ್ಯನಿಗೆ ಬಹುಮಟ್ಟಿಗೆ ಕೇಳಿಸದು, ಈ ಹಕ್ಕಿಯದು ಕೇಳಿಸುವದು. ಕಿವಿಯಿಂದ ನೋಡುವ ಹಕ್ಕಿಯ ಆ ಸದ್ದನ್ನು ಒಂದು ಸಲ ಕೇಳಬೇಕೆಂಬುದೇ ಮಾಸ್ತರರ ಆಶೆ.

ಈ ಜಾತಿಯ ಗೂಡುಗಳಿಗೆ ಚೀನದ ಶ್ರೀಮಂತರ ಅಡಿಗೆಮನೆಯಲ್ಲಿ ಬಹಳ ಬೆಲೆಯಿದೆ. ವೆಂಗುರ್ಲೆಯ ಎದುರಿನ ಬಂಡೆಗಳಲ್ಲಿಯೂ ಇದೇ ಹಕ್ಕಿಯ ಗವಿಯಿದ್ದು, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಗೂಡುಗಳನ್ನು ಕದ್ದು ಮಾರುತ್ತಿದ್ದ ಸಂಗತಿಯು ಬಯಲಿಗೆ ಬಂದಿತು. ಗೂಡು ಹೋದರೆ ಹಕ್ಕಿಯು ಮತ್ತೆ ಕಟ್ಟಬೇಕು. ಜೊಲ್ಲು ಎಷ್ಟೆಂದು ಬಂದೀತು? ಈಗ ಕಾಯದೆಯು ಈ ಹಕ್ಕಿಗೆ ಕಾವಲಾಗಿದೆ. ನೇತ್ರಾಣಿಯ ಮೇಲೆ ಬೇರೆ ಕಷ್ಟಗಳೂ ಬಂದವು. ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಅದನ್ನೇ ಗುರಿಯಾಗಿ ಇಟ್ಟುಕೊಂಡ ಕಾಲವಿತ್ತು. ಬೆಸ್ತರು ಹರಕೆಗೆಂದು ತಂದು ಬಿಟ್ಟ ಆಡುಗಳು ಅಲ್ಲಿಯ ಬಂಡೆಗಳ ಮೇಲೆ ಕಾಡುಪ್ರಾಣಿಗಳಂತೆ ಅಲೆಯುತ್ತವೆ.

ಮಾಸ್ತರರ ಮನೆಯಲ್ಲಿ ಈ ಪ್ರಯಾಣಕ್ಕೆ ಸಮ್ಮತಿ ಸಿಕ್ಕಲಿಲ್ಲ. ಸಿಕ್ಕದಿರಲು ಕಾರಣವಿತ್ತು. 2019ನೇ ಜನವರಿ 21ಕ್ಕೆ ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಎದುರಿಗೆ ಮಗುಚಿ ಹದಿನಾರು ಜನ ತೀರಿಹೋದರು. ಅವರಲ್ಲಿ ಹಾವೇರಿಯ ಕಡೆಯ ಒಂದೇ ಮನೆತನದ ಹಲವರು, ಮಕ್ಕಳು ಸಹಿತ, ಇದ್ದರು. ಬಯಲುಸೀಮೆಯವರೇ, ಕಡಲನ್ನು ನೋಡಲೆಂದು, ದೇವರಿಗೆ ಕೈಮುಗಿಯಲೆಂದು ಹೋದವರೇ. ಆ ಸುದ್ದಿಯನ್ನು ಕೇಳಿದ ಮೇಲೆ ಘಟಪ್ರಭೆಯ ಕಡೆಯ ಅದೆಷ್ಟು ಮನೆಗಳಲ್ಲಿ ಕಡಲಿನ ಮಾತೇ ನಿಂತುಹೋಯಿತೋ! ‘ಹೊಳಿ ದಾಟೂ ಮುಂದ ಅಂಬಿಗನ ಮಾರಿ ನೋಡಿ ಕುಂಡ್ರಬೇಕಂತಾರ, ಆ ಸಮುದ್ರದಾಗ ಯಾರ ಮಾರಿ ನೋಡ್ತೀರಿ?’ ಎಂದು ಮಾಸ್ತರರ ಪತ್ನಿಯು ಕೇಳಿದಳು. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ತೇಲುವ ಅಂಗಿಯನ್ನು ತೊಡದೆ ದೋಣಿಯಲ್ಲಿ ಕಾಲಿಡುವದಿಲ್ಲವೆಂದು ಮಾತುಕೊಟ್ಟು ಹೊರಟರು.

ಅಂಬಿಗನ ಮುಖವನ್ನು ನೋಡುವ ವಿಚಾರವು ಮುರ್ಡೇಶ್ವರದ ಕಡಲಂಚಿನಲ್ಲಿ ತಾನಾಗಿ ನೆರವೇರಿತು. ಎಪ್ಪತ್ತು ದಾಟಿದ ಒಬ್ಬ ತಾಂಡೇಲನು ಸಿಕ್ಕಿದನು. ಅವನ ದೋಣಿಗೆ ಸಣ್ಣ ಯಂತ್ರವಿತ್ತು. ಯಂತ್ರವಿಲ್ಲದ ದೋಣಿಯು ಈಗ ಎಲ್ಲಿಯೂ ಕಾಣುವದು ದುರ್ಲಭ. ಆದರೂ ಅವನು ಕೂವೆಮರವನ್ನೂ ಹಾಯಿಯನ್ನೂ ಬಿಟ್ಟಿರಲಿಲ್ಲ. ‘ಮಶೀನು ಕೆಟ್ಟರೆ ಗಾಳಿ ಉಂಟು. ಗಾಳಿ ಕೆಟ್ಟರೆ ಮಶೀನು ಎಂತ ಮಾಡ್ತದೆ?’ ಎಂಬುದು ಅವನ ವಾದ. ಮಾಸ್ತರರು ಮರುಮಾತಾಡದೆ ಒಪ್ಪಿದರು.

ಮಾಘಮಾಸದ ಒಂದು ದಿನ, ಬೆಳಗಿನ ನಾಲ್ಕು ಗಂಟೆಗೆ, ದೋಣಿಯು ದಂಡೆಯನ್ನು ಬಿಟ್ಟಿತು. ಆ ವೇಳೆಗೇ ಹೊರಡಬೇಕಾದುದಕ್ಕೆ ಕಾರಣವುಂಟು. ರಾತ್ರಿಯ ಕಾಲಕ್ಕೆ ನೆಲವು ಬೇಗನೆ ತಂಪಾಗುತ್ತದೆ, ನೀರು ತಂಪಾಗಲು ತಡ. ಆದುದರಿಂದ ಘಟ್ಟದ ಕಡೆಯಿಂದ ಕಡಲಿನತ್ತ ತೆಳ್ಳನೆಯ ಗಾಳಿಯು ಬೆಳಗಿನವರೆಗೂ ಬೀಸುತ್ತಿರುವದು. ಹೊತ್ತೇರಿ ನೆಲವು ಕಾದಮೇಲೆ ಇದು ಅಡಗಿ, ಸ್ವಲ್ಪ ಹೊತ್ತು ಎಲ್ಲವೂ ಸ್ತಬ್ಧವಾಗಿ, ಮಧ್ಯಾಹ್ನಕ್ಕೆ ವಾಯವ್ಯದಿಂದ ಕಡಲ ಗಾಳಿಯು ಏಳುವದು. ಹೋಗಲು ನೆಲದ ಗಾಳಿ, ಬರಲು ಕಡಲ ಗಾಳಿ. ಹಾಯಿಯ ಬೆಸ್ತನ ದಿನಚರಿಯೆಲ್ಲ ಇದರ ಮೇಲೆಯೇ ಕಟ್ಟಿದುದು. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕವು ನಡೆಯದು. ಜ್ಯೇಷ್ಠದಿಂದ ಮುಂದೆ ಕಡಲಿಗೆ ಬೀಗ ಬಿದ್ದಂತೆಯೇ. ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟಮೇಲೆಯೇ ಹಳೆಯ ಕಾಲದಲ್ಲಿ ದೋಣಿಗಳು ನೀರಿಗಿಳಿಯುತ್ತಿದ್ದವು.

ದಂಡೆಯಿಂದ ಸ್ವಲ್ಪ ದೂರ ಸರಿದ ಮೇಲೆ ತಾಂಡೇಲನು ಯಂತ್ರವನ್ನು ನಿಲ್ಲಿಸಿ ಹಾಯಿಯನ್ನೇರಿಸಿದನು. ಮೂರು ಮೂಲೆಯ ಬಟ್ಟೆ. ಕೂವೆಮರಕ್ಕೆ ಓರೆಯಾಗಿ ಕಟ್ಟಿದ ನೀಳವಾದ ಬಿದಿರು. ಯಂತ್ರದ ಸದ್ದು ನಿಂತೊಡನೆ ಉಂಟಾದ ನಿಶ್ಶಬ್ದವು ಮಾಸ್ತರರಿಗೆ ಮೊದಲು ಭಯವನ್ನು ಹುಟ್ಟಿಸಿತು. ಆಮೇಲೆ ನೀರು ಹಲಗೆಯನ್ನು ಸವರುವ ಧ್ವನಿ, ಹಗ್ಗದ ಕಿರುಗುಟ್ಟುವಿಕೆ ಒಂದೊಂದಾಗಿ ಕೇಳತೊಡಗಿದವು. ತಾಂಡೇಲನು ಚುಕ್ಕಾಣಿಯನ್ನು ಹಿಡಿದು, ಆಗಾಗ ತನ್ನ ಕೆನ್ನೆಯನ್ನು ಗಾಳಿಗೆ ಒಡ್ಡಿ ನೋಡುತ್ತಿದ್ದನು. ಇದನ್ನು ಕಂಡು ಮಾಸ್ತರರಿಗೆ ಕಣದಲ್ಲಿ ರಾಶಿ ತೂರುವ ಒಕ್ಕಲಿಗನ ನೆನಪು ಬಂದಿತು. ಮೇಟಿಯ ಬದಿಯಲ್ಲಿ ಮೊರವನ್ನೆತ್ತಿ ನಿಂತವನು ಹೀಗೆಯೇ ಮೋರೆ ತಿರುಗಿಸಿ ಗಾಳಿಯನ್ನು ಕಾಯುವನು. ಬಂದಿತೆಂದರೆ ಹೊಟ್ಟು ಅತ್ತ, ಕಾಳು ಇತ್ತ. ಅದನ್ನು ಅವರು ಬಾಯಿಬಿಟ್ಟು ಹೇಳಿದರು.

‘ಹಾಗಾದ್ರೆ ನಿಮ್ಮಲ್ಲೂ ಗಾಳಿ ಬಲ್ಲವ್ರು ಉಂಟು ಅಂತಾಯ್ತು, ಮಾಸ್ತರೆ’ ಎಂದು ತಾಂಡೇಲನು ನಕ್ಕನು.

‘ಗಾಳಿ ಎದುರಿಗೆ ಬಂತಂದ್ರ ಏನ್ ಮಾಡ್ತೀರಿ, ತಾಂಡೇಲರ?’

‘ಎದುರು ಗಾಳಿಗೆ ಸೀದಾ ಹೋಗ್ಲಿಕ್ಕಾಗೂದಿಲ್ಲ. ಓರೆ ಹಿಡೀಬೇಕು. ಆಚೆ ಒಂದು ಸಲ, ಈಚೆ ಒಂದು ಸಲ. ನಿಮ್ಮ ಗಾಡಿ ಘಟ್ಟ ಹತ್ತೂದಿಲ್ವಾ, ಹಾಗೆ.’

ನಾಲ್ವತ್ತು ವರ್ಷ ಪಾಠ ಹೇಳಿದವರಿಗೆ ಒಂದು ಒಳ್ಳೆಯ ಪಾಠವನ್ನು ಗುರುತಿಸುವದು ಬರುತ್ತದೆ. ಮಾಸ್ತರರು ತಲೆದೂಗಿದರು.

ಹಿಂದುಗಡೆ ಸಹ್ಯಾದ್ರಿಯ ಮೇಲೆ ಬೆಳಕು ಹರಿಯಿತು. ಮುರ್ಡೇಶ್ವರದ 123 ಅಡಿಯ ಶಿವನ ಮೂರ್ತಿಯು ಮೊದಲು ಬೊಂಬೆಯಷ್ಟಾಗಿ, ಆಮೇಲೆ ಬೆರಳಷ್ಟಾಗಿ, ಕೊನೆಗೆ ಒಂದು ಬಿಳಿಯ ಚುಕ್ಕೆಯಾಯಿತು. ಎದುರಿಗೆ ನೇತ್ರಾಣಿಯು ಮೆಲ್ಲಗೆ ಎದ್ದುಬಂದಿತು. ಹತ್ತಿರವಾದಂತೆ ನೀರಿನ ಬಣ್ಣವು ಬದಲಾಯಿತು. ದಂಡೆಯ ಬಗ್ಗಡವಾದ ಹಸುರು ಹೋಗಿ, ಕೆಳಗಿನ ಬಂಡೆಗಳೂ ಹವಳದ ಗುಪ್ಪೆಗಳೂ ಅವುಗಳ ಮೇಲೆ ಸುಳಿಯುವ ಮೀನುಗಳೂ ಗಾಜಿನೊಳಗಿಂದ ಎಂಬಂತೆ ಕಂಡವು. ಮೇಲೆ ಬಿಳಿಯ ಹೊಟ್ಟೆಯ ಕಡಲಹದ್ದು ರೆಕ್ಕೆಯಾಡಿಸದೆ ತೇಲುತ್ತಿತ್ತು. ದಂಡೆಗಿಳಿಯಲು ಪರವಾನಿಗೆ ಇರಲಿಲ್ಲ, ಸುತ್ತುಹಾಕುವದಷ್ಟೇ ನಿಶ್ಚಯವಾಗಿತ್ತು.

ಗವಿಯು ಕಡಲಿನ ಕಡೆಯ ಮಗ್ಗುಲಿಗಿತ್ತು. ಕಡಲು ಗವಿಯನ್ನು ಕೊರೆಯುವ ರೀತಿಯು ವಿಚಿತ್ರವಾದುದು. ನೀರು ಮೆತ್ತಗಿನದು, ಕಲ್ಲು ಗಟ್ಟಿ; ಆದರೂ ಕಲ್ಲಿನಲ್ಲಿ ಒಂದು ಬಿರುಕಿದ್ದರೆ ಸಾಕು. ತೆರೆಯು ಬಂದು ಬಡಿದಾಗ ಬಿರುಕಿನೊಳಗಿನ ಗಾಳಿಯು ಒತ್ತಿಹೋಗುತ್ತದೆ. ತೆರೆಯು ಹಿಂದೆ ಸರಿದೊಡನೆ ಆ ಗಾಳಿಯು ಮದ್ದಿನಂತೆ ಸಿಡಿದು ಹೊರಗೆ ಬರುತ್ತದೆ. ಒಂದು ದಿನಕ್ಕೆ ಸಾವಿರಾರು ಸಲ, ಸಾವಿರಾರು ವರ್ಷ, ಹೀಗೆ ಗಾಳಿಯ ಬೆಣೆಯನ್ನು ಹೊಡೆಯುತ್ತ ಹೋದರೆ ಯಾವ ಬಂಡೆಯಾದರೂ ಬಾಯಿಬಿಡಲೇಬೇಕು. ಉಳಿದ ಕೆಲಸವನ್ನು ತೆರೆಯು ಎತ್ತಿ ಎಸೆಯುವ ಕಲ್ಲುಗಳು ಮಾಡುತ್ತವೆ.

ತಾಂಡೇಲನು ಹಾಯಿಯನ್ನಿಳಿಸಿ, ಹುಟ್ಟು ಹಾಕುತ್ತ, ಗವಿಯ ಬಾಯಿಗೆ ಹತ್ತು ಮಾರು ದೂರದಲ್ಲಿ ದೋಣಿಯನ್ನು ನಿಲ್ಲಿಸಿದನು. ಒಳಗಿನಿಂದ ದೊಡ್ಡ ಪ್ರಾಣಿಯ ಉಸಿರಿನಂತೆ ತಣ್ಣನೆಯ ಗಾಳಿಯು ಬಂದುಬಂದು ಮುಖಕ್ಕೆ ತಾಕುತ್ತಿತ್ತು. ಅದರ ಹಿಂದೆಯೇ ಭೋರೆಂಬ ಸದ್ದು. ಕಂದುಬಣ್ಣದ ಸಣ್ಣ ಹಕ್ಕಿಗಳು ಬಾಣ ಬಿಟ್ಟಂತೆ ಕತ್ತಲೆಯೊಳಗೆ ನುಗ್ಗುತ್ತಿದ್ದವು, ಹೊರಬೀಳುತ್ತಿದ್ದವು. ಅವು ಹೊರಗೆ ಇರುವ ತನಕ ಆ ‘ಟಿಕ್ ಟಿಕ್’ ಸದ್ದನ್ನು ಮಾಡುವದಿಲ್ಲ. ಬೆಳಕಿನಲ್ಲಿ ಅವಕ್ಕೆ ಅದರ ಅವಶ್ಯಕತೆಯಿಲ್ಲ. ಕೇಳಬೇಕಾದರೆ ಒಳಗೆ, ಕತ್ತಲೆಗೆ, ಹೋಗಬೇಕು.

‘ತಾಂಡೇಲರ, ಒಳಗ ಹೋಗಾಕ ಆಗೂದಿಲ್ಲೇನು?’

ತಾಂಡೇಲನು ಕೂಡಲೇ ಉತ್ತರ ಹೇಳಲಿಲ್ಲ. ಅವನು ತೆರೆಗಳನ್ನು ಎಣಿಸುತ್ತಿದ್ದನು. ಮೂರು ನಾಲ್ಕು ತೆರೆಗಳು ಸಣ್ಣಗೆ ಬಂದವು. ಒಂದು ದೊಡ್ಡದು ಬಂದು ಗವಿಯ ಬಾಯನ್ನು ಅರ್ಧದವರೆಗೆ ತುಂಬಿತು. ಮತ್ತೆ ಸಣ್ಣವು. ಮತ್ತೆ ಎರಡು ದೊಡ್ಡವು, ಒಂದರ ಬೆನ್ನಿಗೊಂದು. ಈ ಸಲ ಒಳಗಿನಿಂದ ನೊರೆಯು ಹೊಗೆಯಂತೆ ಚಿಮ್ಮಿತು. ಭರತಿಯು ಏರುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ, ದೋಣಿಯ ಸುತ್ತಲಿನ ನೀರು ಕೆರೆಯಂತೆ ಶಾಂತವಾಗಿತ್ತು. ನೋಡುವವರಿಗೆ ಭಯಪಡಲು ಏನೂ ಕಾರಣ ಕಾಣದು.

‘ಮಾಸ್ತರೆ, ಹೋಗ್ಲಿಕ್ಕೆ ಎಂತ ಅಡ್ಡಿಲ್ಲ. ಬರೂದು ಕಷ್ಟ.’

‘ಇಷ್ಟು ದೂರ ಬಂದೀವಿ…’

‘ಹೌದು. ದೂರದಿಂದ ಬಂದವ್ರೇ ಹಾಗೆ ಹೇಳೂದು.’

ಅವನು ಕೂರ್ಮಗಡದ ಸುದ್ದಿಯನ್ನು ಎತ್ತಲಿಲ್ಲ; ಎತ್ತುವ ಕಾರಣವೂ ಇರಲಿಲ್ಲ. ಮಾಸ್ತರರು ತಮ್ಮ ಮೈಮೇಲಿನ ತೇಲುವ ಅಂಗಿಯ ಕಟ್ಟನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಹುಟ್ಟು ಹಾಕುತ್ತಿದ್ದ ತಾಂಡೇಲನ ಮೊಮ್ಮಗನು, ಹದಿನೆಂಟರ ಹುಡುಗ, ಹೋಗಲು ಉತ್ಸುಕನಾಗಿದ್ದನೆಂಬುದು ಅವನ ಮುಖದಿಂದಲೇ ತಿಳಿಯುತ್ತಿತ್ತು. ದಂಡೆಯಲ್ಲಿ ಹಣ ತೆಗೆದುಕೊಂಡವರು ಹಣ ಕೊಟ್ಟವರ ಮಾತನ್ನು ಕೇಳುವದೇ ಇಂದಿನ ರೂಢಿ. ಪ್ರವಾಸಿಗರ ಮನಸ್ಸನ್ನು ನೋಯಿಸಬಾರದೆಂದು ತೆರೆಯ ಲೆಕ್ಕವನ್ನು ತಪ್ಪಿಸುವವರು ಎಲ್ಲ ದಂಡೆಗಳಲ್ಲಿಯೂ ಇದ್ದಾರೆ. ಈ ಮುದುಕನಿಗೆ ಆ ವ್ಯವಹಾರವು ಗೊತ್ತಿರಲಿಲ್ಲವೋ, ಬೇಡವಾಗಿತ್ತೋ! ಅವನು ಮೊಮ್ಮಗನಿಗೆ ಕೈಸನ್ನೆ ಮಾಡಿದನು. ದೋಣಿಯು ತಿರುಗಿತು.

ಗವಿಯಿಂದ ಸ್ವಲ್ಪ ದೂರಕ್ಕೆ ಬಂದು, ನಡುಗಡ್ಡೆಯ ನೆರಳಿನಲ್ಲಿ ಲಂಗರು ಹಾಕಿ, ಮೂವರೂ ಬುತ್ತಿ ಬಿಚ್ಚಿದರು. ಒಂದು ಕಡೆಗೆ ಸಜ್ಜಿಯ ರೊಟ್ಟಿ, ಶೇಂಗಾದ ಚಟ್ನಿ. ಇನ್ನೊಂದು ಕಡೆಗೆ ಅನ್ನ, ಮೀನಿನ ಸಾರು. ಮಾಸ್ತರರು ಮೀನನ್ನು ಮುಟ್ಟುವವರಲ್ಲ. ಹುಡುಗನು ಮಾತ್ರ ರೊಟ್ಟಿಯನ್ನು ಮೀನಿನ ಸಾರಿನಲ್ಲಿ ಅದ್ದಿ ಎರಡನ್ನು ಮುಗಿಸಿದನು. ಅಷ್ಟರಲ್ಲಿ ಗಾಳಿಯು ಪೂರ್ತಿ ನಿಂತುಹೋಗಿತ್ತು. ಯಂತ್ರವನ್ನು ಹಚ್ಚಬಹುದಾಗಿತ್ತು, ಆದರೆ ಯಾರೂ ಆ ಮಾತನ್ನು ಎತ್ತಲಿಲ್ಲ. ಆ ಸ್ತಬ್ಧವಾದ ಒಂದು ತಾಸಿನಲ್ಲಿ ತಾಂಡೇಲನು ತನ್ನ ತಂದೆಯ ಕಾಲದ ಪತ್ತೇಮಾರಿಗಳ ಮಾತನ್ನು ಹೇಳಿದನು. ಅವು ಮಂಗಳೂರಿನ ಹಂಚು, ಕುಮಟೆಯ ಬಂದರದ ಮಾಲುಗಳನ್ನು ಹೇರಿಕೊಂಡು ಹೋಗುತ್ತಿದ್ದವೆಂದೂ, ನಕ್ಷತ್ರವನ್ನೂ ಘಟ್ಟದ ಶಿಖರಗಳನ್ನೂ ನೋಡಿಯೇ ಹಾದಿ ಹಿಡಿಯುತ್ತಿದ್ದವೆಂದೂ ಅವನು ಕೇಳಿ ತಿಳಿದಿದ್ದನು. ಆ ಮಾಲುಗಳಲ್ಲಿ ಒಂದು ಕಾಲಕ್ಕೆ ಕುಲಗೋಡದ ಕಡೆಯ ಅರಳೆಯೂ ಇದ್ದಿರಬಹುದೆಂದು ಮಾಸ್ತರರು ಹೇಳಿದಾಗ, ಅವನು ಅದನ್ನು ಬಹಳ ಹೊತ್ತು ಮನಸ್ಸಿನಲ್ಲಿ ಹಾಕಿಕೊಂಡು ಕುಳಿತನು.

ಹುಡುಗನಿಗೆ ಹಾಯಿಯನ್ನು ಏರಿಸಲು ಬರುತ್ತದೆ; ಆದರೆ ತೆರೆಗಳನ್ನು ಎಣಿಸುವದು ಅವನಿಗೆ ಇನ್ನೂ ಬಂದಿಲ್ಲ. ಬರುವ ಸಂಭವವೂ ಕಡಮೆ. ಅವನು ಮುಂದಿನ ವರ್ಷದಿಂದ ದೊಡ್ಡ ಯಾಂತ್ರಿಕ ದೋಣಿಯ ಮೇಲೆ ಕೆಲಸಕ್ಕೆ ಹೋಗುವವನು. ಅಲ್ಲಿ ಮೀನಿನ ಹಿಂಡನ್ನು ತೋರಿಸಲು, ಹಾದಿಯನ್ನು ತೋರಿಸಲು, ಆಳವನ್ನು ಹೇಳಲು ಬೇರೆ ಬೇರೆ ಉಪಕರಣಗಳುಂಟು. ಆ ಉಪಕರಣಗಳನ್ನು ಹಳಿಯುವದು ನ್ಯಾಯವಲ್ಲ. ಅವುಗಳಿಂದ ಉಳಿದ ಜೀವಗಳು ಅನೇಕ. ಆದರೆ ಗವಿಯ ಬಾಯಲ್ಲಿ ‘ಬೇಡ’ ಎಂದು ಹೇಳುವ ಉಪಕರಣವನ್ನು ಇನ್ನೂ ಯಾರೂ ಮಾಡಿದಂತೆ ಕೇಳಿಲ್ಲ.

ಹನ್ನೆರಡೂವರೆಯ ಸುಮಾರಿಗೆ ವಾಯವ್ಯದ ಕಡೆಯಿಂದ ನೀರಿನ ಮೇಲೆ ಕರಿಯ ಗೆರೆಯೊಂದು ಮೂಡಿ ಹತ್ತಿರಕ್ಕೆ ಬಂದಿತು. ‘ಬಂತು’ ಎಂದನು ತಾಂಡೇಲ. ಹಾಯಿಯು ಒಮ್ಮೆ ಪಟಪಟನೆ ಬಡಿದುಕೊಂಡು ತುಂಬಿ ನಿಂತಿತು. ಗಾಳಿಯು ಎಡಮಗ್ಗುಲಿಗೆ ಬೀಸುತ್ತಿತ್ತು. ದೋಣಿಯು ಬಲಕ್ಕೆ ವಾಲಿ, ಬೆಳಗಿಗಿಂತ ಇಮ್ಮಡಿಯ ವೇಗದಿಂದ ದಂಡೆಯ ಕಡೆಗೆ ಹರಿಯಿತು. ಮಾಸ್ತರರು ಎರಡೂ ಕೈಗಳಿಂದ ಹಲಗೆಯನ್ನು ಹಿಡಿದುಕೊಂಡಿದ್ದರು. ಹೆದರಿದ್ದರೋ ಸಂತೋಷಪಟ್ಟಿದ್ದರೋ ಅವರ ಮುಖದಿಂದ ಹೇಳಲು ಬರುವಂತಿರಲಿಲ್ಲ.

ದಂಡೆಗೆ ಬಂದಮೇಲೆ ತಾಂಡೇಲನು ಹಾಯಿಯನ್ನು ಬಿಚ್ಚಿ, ಒಣಗಿದ ಉಸುಬಿನ ಮೇಲೆ ಹರವಿದನು. ಅದು ಎಷ್ಟೋ ಕಡೆಗೆ ತೇಪೆ ಹಾಕಿದ ಹಳೆಯ ಬಟ್ಟೆ. ಮುಂದಿನ ಮಳೆಗಾಲದ ಬಳಿಕ ತಾನು ದೋಣಿಗೆ ಹೋಗುವದಿಲ್ಲವೆಂದೂ, ಮನೆಯಲ್ಲಿ ಇದನ್ನು ಒಣಮೀನಿನ ರಾಶಿಗೆ ಹೊದಿಸಬೇಕೆಂದು ಹೇಳುತ್ತಿದ್ದಾರೆಂದೂ ತಿಳಿಸಿದನು. ಆಮೇಲೆ ಏನೋ ಹೊಳೆದವನಂತೆ ಕೇಳಿದನು: ‘ನಿಮ್ಮಲ್ಲಿ ಕಾಳಿನ ರಾಶಿಗೆ ಹೊದಿಸ್ಲಿಕ್ಕೆ ಬೇಕಾ, 	ಮಾಸ್ತರೆ? ಒಳ್ಳೆ ಗಟ್ಟಿ ಬಟ್ಟೆ.’

ಮಾಸ್ತರರು ಬಾಗಿ ಆ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹತ್ತಿಯದೇ, ಉಪ್ಪು ಕುಡಿದು ತೊಗಲಿನಂತಾಗಿತ್ತು. ‘ಈ ಮಳಿಗಾಲ ಮುಗಿಯೂ ತನಕ ನಿಮ್ಮ ಹಂತೇಕನ ಇರಲಿ, ತಾಂಡೇಲರ’ ಎಂದರು. ಹುಡುಗನು ಹಾಯಿಯನ್ನು ಮಡಿಸತೊಡಗಿದನು. ತಾಂಡೇಲನು ಅವನ ಕೈಯಿಂದ ಒಂದು ತುದಿಯನ್ನು ತೆಗೆದುಕೊಂಡು, ಯಾವ ಮೂಲೆಯು ಮೊದಲು ಒಳಗೆ ಹೋಗಬೇಕೆಂಬುದನ್ನು ತೋರಿಸಿದನು.